ಹಾವಿನ ಸೂತಕ

ಊರಿನ ಮಕ್ಕಳನ್ನೆಲ್ಲ ಹಿಡಿದ ಕೈಯಲ್ಲೇ ಸೂಲಗಿತ್ತಿ ಕೆಂಚವ್ವ ತನ್ನ ಮಗಳ ಚೊಚ್ಚಲ ಕೂಸನ್ನೂ ಹಿಡಿದಳು. ಕೂಸಿನ ಕಾಲೆರಡೂ ಕೂಡಿಕೊಂಡು ಒಂದೇ ಆಗಿದ್ದವು. ಉಸಿರಿರಲಿಲ್ಲ.

ಹೊತ್ತೇರುವಷ್ಟರಲ್ಲಿ ಊರೆಲ್ಲ ಗುಲ್ಲು. ಕೆಂಚವ್ವನ ಮಗಳು ಹಾವು ಹೆತ್ತಳಂತೆ! ಪಟೇಲ ಭರಮಗೌಡರು ಮೀಸೆ ತಿರುವುತ್ತ ಅವಳ ಮನೆ ಮುಂದೆ ಬಂದು ನಿಂತರು. ಹಿಂದೆ ಅರ್ಧ ಊರು.

"ಮನುಷ್ಯರನ್ನ ಹೂಳೋ ಜಾಗದಲ್ಲಿ ಹಾವಿನ ಮರಿ ಹೂಳೋಕೆ ನಾನು ಬಿಡೋದಿಲ್ಲ. ತಿಪ್ಪೆಗೆ ಎಸಿ" ಅಂದರು.

ಕೆಂಚವ್ವ ವಾದ ಮಾಡಲಿಲ್ಲ. ಕಣ್ಣೊರೆಸಿಕೊಂಡು ಕೈಮುಗಿದಳು.

"ಆಗಲಿ ಗೌಡ್ರೇ, ಹಾವೇ ಅನ್ನಿ. ಆದ್ರೆ ಸತ್ತ ನಾಗರಹಾವನ್ನ ತಿಪ್ಪೆಗೆ ಎಸೆಯೋ ಪದ್ಧತಿ ನಮ್ಮೂರಲ್ಲಿ ಇಲ್ಲವಲ್ಲ? ಗಂಧದ ಚಕ್ಕೆ ಇಟ್ಟು ಸುಡಬೇಕು. ಊರಿಗೆ ಹಿರಿಯರು ಕೊಳ್ಳಿ ಇಡಬೇಕು. ತಲೆ, ಮೀಸೆ ಬೋಳಿಸಿಕೊಂಡು ಸೂತಕ ಹಿಡೀಬೇಕು. ಕ್ಷೌರದವನಿಗೆ ಹೇಳಿಕಳಿಸಲಾ?"

ಗೌಡರ ಕೈ ಮೀಸೆ ಮೇಲೇ ನಿಂತಿತು. ನೆರೆದವರೆಲ್ಲ ಕತ್ತು ಚಾಚಿ ಆ ಮೀಸೆಯನ್ನೇ ನೋಡಿದರು.

"ನಿಂಗೇನು ತಲೆ ಕೆಟ್ಟಿದೆಯೇನೇ? ಹೆಂಗಸಿನ ಹೊಟ್ಟೇಲಿ ಹಾವು ಹುಟ್ಟೋದುಂಟಾ? ಹಾವಿಗೆ ಹಾವೇ, ಮನುಷ್ಯರಿಗೆ ಮನುಷ್ಯರೇ ಹುಟ್ಟೋದು! ಹೋಗು, ಮಣ್ಣು ಮಾಡು."

ಕೆಂಚವ್ವ ಬಾಗಿಲ ಕಡೆ ತಿರುಗಿದಳು. ಒಳಗೆ ಮಗಳು ಗೋಡೆಗೆ ಮುಖ ಮಾಡಿ, ಒಂದು ಹನಿ ಕಣ್ಣೀರಿಲ್ಲದೆ ಮಲಗಿದ್ದಳು.

"ಆ ಮಾತು ಇನ್ನೊಂದ್ಸಲ ಹೇಳಿ ಗೌಡ್ರೇ" ಅಂದಳು. "ಸ್ವಲ್ಪ ಗಟ್ಟಿಯಾಗಿ. ತಾನು ಹೆತ್ತಿದ್ದು ಏನು ಅಂತ ಅವಳಿಗೂ ಕೇಳಲಿ."

ಗೌಡರು ಮೀಸೆಯಿಂದ ಕೈ ತೆಗೆದರು.

"ಮಗು ಹೆತ್ತಿದ್ದಾಳೆ" ಅಂದರು.

ಹೆರಿಗೆಯಾದ ಆ ಮನೆಯಲ್ಲಿ ಮೊದಲ ಅಳು ಆಗ ಕೇಳಿಸಿತು. ಅದು ತಾಯಿಯದು.