ಕಮಾನಿನ ಕೆಳಗಿನ ಊಟ

"ಬುದ್ಧೀ, ಈ ಮಾತ್ರೆಗಳನ್ನು ಇವತ್ತೇ ನೀರಿಗೆ ಎಸೆದು ನಾನು ಸ್ವತಂತ್ರನಾಗಬಾರದೇಕೆ?"

ಕೇಳಿದವನು ನಿರ್ವಾಣಯ್ಯ, ಮಠದ ಶಿಷ್ಯ. ಎದೆ ಹೊಡೆದುಕೊಳ್ಳುವ ಭಯಕ್ಕೆಂದು ವೈದ್ಯರು ಅವನಿಗೆ ಮೂರು ವಾರದ ಮಾತ್ರೆ ಕೊಟ್ಟಿದ್ದರು. ಅವನು ಒಂದು ವರ್ಷದಿಂದ ನುಂಗುತ್ತಿದ್ದ. ಆ ದಿನ ಪಂಕ್ತಿಯಲ್ಲಿ ಯಾರೋ, ವಿಭೂತಿ ಹಚ್ಚಿದವನಿಗೆ ಧೈರ್ಯದ ಗುಳಿಗೆ ಬೇರೆ ಬೇಕೇ ಎಂದು ನಕ್ಕಿದ್ದರು. ಅವನು ಎಲೆಯ ಮುಂದಿನಿಂದ ಎದ್ದುಬಿಟ್ಟಿದ್ದ. ಉಳಿದ ಮಾತ್ರೆಗಳನ್ನೆಲ್ಲ ಮುಷ್ಟಿಯಲ್ಲಿ ಹಿಡಿದು, ಕೊಳದ ಮೆಟ್ಟಿಲ ಮೇಲೆ ಕೂತಿದ್ದ ಗುರುಗಳ ಮುಂದೆ ಬಂದು ನಿಂತಿದ್ದ.

"ನಾನು ಯಾವುದರ ಆಳೂ ಅಲ್ಲ," ಎಂದ.

"ಮುಷ್ಟಿಯನ್ನು ಸ್ವಲ್ಪ ಹೊತ್ತು ಹಾಗೇ ಬಿಗಿಹಿಡಿದಿರು," ಎಂದರು ಗುರುಗಳು. "ಒಂದು ಕತೆ ಹೇಳುತ್ತೇನೆ. ಕೇಳಿದ ಮೇಲೆ ನಿನ್ನಿಷ್ಟ."

ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಗಾರೆಯವನಿದ್ದ. ಕಲ್ಲು ಸುಣ್ಣದಲ್ಲಿ ಕಮಾನು ಕಟ್ಟುವುದರಲ್ಲಿ ಅವನ ಸಮ ಇನ್ನೊಬ್ಬನಿರಲಿಲ್ಲ. ಕಮಾನು ತಾನಾಗಿ ಏಳುವುದಿಲ್ಲ. ಮೊದಲು ಕೆಳಗೆ ಮರದ ಆಸರೆ ನಿಲ್ಲಿಸಬೇಕು. ಅದರ ಮೇಲೆ ಕಲ್ಲು ಕೂರಿಸಬೇಕು. ಸುಣ್ಣ ಗಟ್ಟಿಯಾಗಿ, ಕಲ್ಲು ಕಲ್ಲನ್ನು ಒತ್ತಿ ಹಿಡಿದ ಮೇಲೆ ಆಸರೆ ತೆಗೆಯಬೇಕು. ಅದನ್ನೂ ಒಂದೇ ಏಟಿಗೆ ತೆಗೆಯುವ ಹಾಗಿಲ್ಲ. ಕಂಬಗಳ ಬುಡದಲ್ಲಿ ಬೆಣೆಗಳಿರುತ್ತವೆ. ಅವನ್ನು ದಿನಕ್ಕಿಷ್ಟು ಸಡಿಲಿಸಬೇಕು. ಸಡಿಲಿಸಿದ ಮೇಲೆ ಕಲ್ಲಿಗೆ ಅಂಗೈ ಹಚ್ಚಿ ನೋಡಬೇಕು. ಕಲ್ಲು ಅಲುಗಿದಂತೆ ಅನ್ನಿಸಿದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಆ ಕಡೆಯ ಗಾರೆಯವರಲ್ಲಿ ಒಂದು ಪದ್ಧತಿ ಇತ್ತು. ಆಸರೆ ಪೂರ್ತಿ ತೆಗೆದ ದಿನ, ಕಟ್ಟಿದವನು ಕಮಾನಿನ ಕೆಳಗೆ ಕೂತು ಊಟ ಮಾಡಬೇಕು. ಊಟ ಮುಗಿಯುವವರೆಗೆ ಏಳಬಾರದು. ಆಮೇಲೆಯೇ ಬೇರೆಯವರು ಅದರ ಕೆಳಗೆ ಓಡಾಡಬೇಕು. ಕೂರಲು ಹೆದರಿದವನಿಗೆ ಮತ್ತೆ ಯಾರೂ ಕೆಲಸ ಕೊಡುತ್ತಿರಲಿಲ್ಲ.

ಗಾರೆಯವನಿಗೆ ಒಬ್ಬ ಭಾವಮೈದ ಇದ್ದ. ಅವನೂ ಅದೇ ಕಸುಬಿನವನು, ಆದರೆ ಅವಸರದವನು. ಒಂದು ಸಲ ಬೆಣೆಗಳನ್ನೆಲ್ಲ ಒಂದೇ ದಿನ ಹೊಡೆದು ತೆಗೆದು ಊಟಕ್ಕೆ ಕೂತ. ಮೂರನೆಯ ತುತ್ತಿಗೆ ಕಮಾನು ಅವನ ಮೇಲೆ ಬಿತ್ತು. ಗಾರೆಯವನು ಎದುರಿಗೇ ನಿಂತಿದ್ದ.

ಅಂದಿನಿಂದ ಅಟ್ಟಣೆ ಹತ್ತಿದರೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಕೈ ನಡುಗುತ್ತಿತ್ತು. ನಿದ್ದೆ ದೂರವಾಯಿತು. ಆಗ ತಾನೇ ಅವನು ಊರ ಛತ್ರದ ಬಾಗಿಲಿಗೆ ಒಂದು ಕಮಾನು ಕಟ್ಟಿದ್ದ. ಅದು ಆಸರೆಯ ಮೇಲೆಯೇ ನಿಂತುಬಿಟ್ಟಿತು. ಬೆಣೆ ಮುಟ್ಟಲು ಅವನಿಂದಾಗಲಿಲ್ಲ. ಛತ್ರಕ್ಕೆ ಬಂದವರು ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು.

ಅವನು ವೈದ್ಯೆಯ ಹತ್ತಿರ ಹೋದ. ಅವರು ಮಾತ್ರೆ ಕೊಟ್ಟರು. ಮಲಗುವಾಗ ಒಂದೇ, ಅದೂ ಮೂರು ವಾರ ಮಾತ್ರ ಎಂದರು. ಇದರ ಜೊತೆ ಸಾರಾಯಿ ಮುಟ್ಟಬೇಡ, ಉಸಿರೇ ನಿಂತೀತು ಎಂದರು. ಮಂಪರಿನಲ್ಲಿ ಅಟ್ಟಣೆ ಹತ್ತಬೇಡ, ನಿನ್ನ ಮಾತ್ರೆ ಇನ್ನೊಬ್ಬರಿಗೆ ಕೊಡಬೇಡ, ಮೂರು ವಾರಕ್ಕೆ ತಪ್ಪದೆ ಬಾ ಎಂದರು. ಅವನು ಎಲ್ಲಕ್ಕೂ ತಲೆಯಾಡಿಸಿದ.

ಕೇಳು ನಿರ್ವಾಣಯ್ಯ, ಅವನು ಮಾತ್ರೆ ನುಂಗಿದ್ದು ತಪ್ಪಲ್ಲ. ನಗುವವರು ನಗಲಿ. ಆಸರೆ ಇಲ್ಲದೆ ಕಮಾನು ಎಬ್ಬಿಸುತ್ತೇನೆ ಎನ್ನುವವನು ಜನ್ಮದಲ್ಲಿ ಒಂದು ಕಲ್ಲನ್ನೂ ಎತ್ತಿದವನಲ್ಲ.

ಗಾರೆಯವನಿಗೆ ನಿದ್ದೆ ಬಂತು. ಎದೆ ಸುಮ್ಮನಾಯಿತು. ಮೂರು ವಾರ ಕಳೆಯಿತು, ಅವನು ವೈದ್ಯೆಯ ಹತ್ತಿರ ಹೋಗಲಿಲ್ಲ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಮಾತ್ರೆ ತಂದ. ಆಮೇಲೆ ಚೀಟಿ ಕೇಳದ ಅಂಗಡಿಯನ್ನು ಹುಡುಕಿಕೊಂಡ. ಕೆಲವು ತಿಂಗಳಲ್ಲಿ ಒಂದು ಸಾಲದೆ ಎರಡಾಯಿತು. ಬೆಳಿಗ್ಗೆಯೂ ಒಂದು ಬೇಕಾಯಿತು. ಹೇಳಿದ ಮಾತು ಅವನಿಗೆ ನೆನಪಿರುತ್ತಿರಲಿಲ್ಲ. ಒಂದು ದಿನ ಹಲಗೆ ಇಲ್ಲದ ಕಡೆ ಕಾಲಿಟ್ಟು, ಅಟ್ಟಣೆಯಿಂದ ಮರಳಿನ ರಾಶಿಯ ಮೇಲೆ ಬಿದ್ದ. ಮೂಳೆ ಮುರಿಯದಿದ್ದದ್ದು ಅವನ ಪುಣ್ಯ.

ಅವನ ಹೆಂಡತಿ ಹೇಳಿದಳು: "ನಿಮ್ ಕೈ ನಡುಗೋದು ನಿಂತೈತೆ, ಒಪ್ಕಂತೀನಿ. ಆದ್ರೆ ಕಲ್ಲಿಗೆ ಅಂಗೈ ಹಚ್ಚಿದ್ರೆ ಏನಾದ್ರೂ ತಿಳೀತೈತಾ?"

ಅವನು ಛತ್ರಕ್ಕೆ ಹೋಗಿ ಕಮಾನಿಗೆ ಅಂಗೈ ಹಚ್ಚಿದ. ಏನೂ ತಿಳಿಯಲಿಲ್ಲ. ಭಯದ ಜೊತೆಗೆ ಕಸುಬೂ ಕೈಬಿಟ್ಟು ಹೋಗಿತ್ತು.

ಅವನಿಗೆ ರೋಷ ಬಂತು. ಉದ್ದಿನ ಕಾಳಿನಷ್ಟಿಲ್ಲ, ಇದಕ್ಕೆ ನಾನು ಆಳಾದೆನೇ ಎಂದ. ಇದ್ದ ಮಾತ್ರೆಗಳನ್ನೆಲ್ಲ ಸುಣ್ಣ ಕುದಿಯುತ್ತಿದ್ದ ಗುಂಡಿಗೆ ಎಸೆದ. ಇನ್ನು ನನ್ನನ್ನು ಹಿಡಿಯುವವರಿಲ್ಲ ಎಂದು ಎದೆಯುಬ್ಬಿಸಿಕೊಂಡು ಊರೆಲ್ಲ ತಿರುಗಿದ. ಆ ಒಂದು ದಿನ ಅವನು ಬಹಳ ದೊಡ್ಡ ಮನುಷ್ಯನಾಗಿದ್ದ.

ಎರಡನೆಯ ದಿನ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಬೆವರಿಗೆ ಬಟ್ಟೆ ತೊಯ್ದು ಹೋಯಿತು. ಹಳೆಯ ಭಯ ಹಿಂದಿನದಕ್ಕಿಂತ ನಾಲ್ಕು ಪಟ್ಟಾಗಿ ಬಂತು. ಮೂರನೆಯ ದಿನ ಗೋಡೆ ಅಲ್ಲಾಡುತ್ತಿದೆ ಎಂದು ಕೂಗಿದ. ನಾಲ್ಕನೆಯ ದಿನ ಮೈ ಸೆಟೆದು, ಬಾಯಲ್ಲಿ ನೊರೆ ಬಂದು, ಅಂಗಳದಲ್ಲಿ ಬಿದ್ದ. ಹೆಂಡತಿ ಅವನನ್ನು ಗಾಡಿಗೆ ಹಾಕಿಸಿಕೊಂಡು ವೈದ್ಯೆಯ ಬಳಿಗೆ ತಂದಳು. ಅವನು ಬದುಕಿದ್ದೇ ಹೆಚ್ಚು.

ಎಚ್ಚರವಾದ ಮೇಲೆ ವೈದ್ಯೆ ಕೇಳಿದರು: "ಕಮಾನಿನ ಆಸರೆ ತೆಗೀಬೇಕಾದ್ರೆ ಒದ್ದು ಬೀಳಿಸ್ತೀಯೇನಪ್ಪ?"

"ಎಲ್ಲಾದ್ರೂ ಉಂಟಾ ತಾಯಿ! ನನ್ ಭಾವಮೈದ ಹಂಗೆ ಮಾಡೇ ಸತ್ತಿದ್ದು," ಎಂದ.

ಎಂದವನು ಅಲ್ಲಿಗೇ ನಿಲ್ಲಿಸಿದ. ತಾನು ಆಡಿದ ಮಾತು ತನಗೇ ಕೇಳಿಸಿತ್ತು. ಆಮೇಲೆ, "ಎಷ್ಟ್ ದಿನ ಬೇಕು?" ಎಂದು ಕೇಳಿದ.

"ನಿನ್ ಕಮಾನಿಗೆ ಎಷ್ಟು ದಿನ ಬೇಕು ಅಂತ ಮೊದಲೇ ಹೇಳ್ತೀಯಾ? ಇದೂ ಹಂಗೇ. ಬೆಣೆ ಎಷ್ಟು ಸಡಿಲಿಸಬೇಕು ಅಂತ ನಾನು ಹೇಳ್ತೀನಿ. ಮೈ ಹೆಂಗೈತೆ ಅಂತ ನೀನು ಹೇಳು. ಒಬ್ಬನೇ ಕೈ ಹಾಕಬೇಡ."

ವೈದ್ಯೆ ಮತ್ತೆ ಮಾತ್ರೆ ಕೊಟ್ಟರು. ಕೆಲವು ವಾರಕ್ಕೊಮ್ಮೆ ಒಂದಿಷ್ಟು ಕಡಿಮೆ ಮಾಡಿದರು. ಅವರು ಕಡಿಮೆ ಮಾಡಿದ ದಿನವೆಲ್ಲ ಗಾರೆಯವನು ಛತ್ರಕ್ಕೆ ಹೋಗಿ ಕಮಾನಿನ ಬೆಣೆಯನ್ನೂ ಒಂದಿಷ್ಟು ಸಡಿಲಿಸಿದ. ವರ್ಷ ದಾಟಿದ ಕಮಾನಿಗೆ ಅಷ್ಟು ನಿಧಾನ ಬೇಕಿರಲಿಲ್ಲ. ಅದು ಅವನಿಗೆ ಬೇಕಿತ್ತು.

ಭಯ ಬಂತು. ಬರದೆ ಏನು ಮಾಡೀತು? ಅವನು ಓಡಲಿಲ್ಲ. ಕಮಾನಿನ ಕೆಳಗೆ ನಿಂತು ಭಯವನ್ನೇ ಬೈದ. "ಬಾ, ಇನ್ನೂ ಜೋರಾಗಿ ಬಾ. ನಾನು ಇಲ್ಲೇ ಇರ್ತೀನಿ," ಎಂದ. ಎರಡು ಸಲ ತಡೆಯಲಾರದೆ ಹೋದ. ಎರಡು ಸಲವೂ ವೈದ್ಯೆ ಇಳಿಸುವುದನ್ನು ನಿಲ್ಲಿಸಿ, ಅವನು ಸುಧಾರಿಸಿಕೊಂಡ ಮೇಲೆ ಮುಂದುವರಿಸಿದರು. ಇನ್ನೂ ಬಿಟ್ಟಿಲ್ಲವೇ ಎಂದು ಊರವರು ನಕ್ಕರು. ಬಿಡುತ್ತಿದ್ದೇನೆ ಎಂದು ಅವರ ಮುಖ ನೋಡಿಯೇ ಹೇಳಿದ. ಹೀಗೆ ಏಳು ತಿಂಗಳು ಹಿಡಿಯಿತು.

ಕೊನೆಯ ಮಾತ್ರೆಯೂ ನಿಂತು ಕೆಲವು ದಿನ ಕಳೆದ ಮೇಲೆ ಅವನು ಕೊನೆಯ ಕಂಬ ತೆಗೆದ. ಹೆಂಡತಿ ಊಟ ತಂದಳು. ಅವಳ ತಮ್ಮ ಸತ್ತದ್ದು ಇಂಥದೇ ಊಟದಲ್ಲಿ. ಅವಳು ಮುದ್ದೆ ಇಟ್ಟು ಸಾರು ಬಡಿಸಿದಳು. ಗಾರೆಯವನು ಕಮಾನಿನ ಕೆಳಗೆ ಕೂತ. ಅವನ ಕೈ ನಡುಗುತ್ತಿತ್ತು. ಎಡಗೈಯನ್ನು ಗೋಡೆಯ ಕಲ್ಲಿಗೆ ಹಚ್ಚಿದ. ಕಲ್ಲು ಗಟ್ಟಿಯಾಗಿತ್ತು, ಅದು ಅವನ ಅಂಗೈಗೆ ತಿಳಿಯಿತು. ಮೂರನೆಯ ತುತ್ತು ಎತ್ತಿ ಒಂದು ಸಲ ಮೇಲೆ ನೋಡಿ ನುಂಗಿದ. ಎಲ್ಲ ಮುಗಿದ ಮೇಲೂ ಏಳಲಿಲ್ಲ. "ಇನ್ನೊಂದ್ ಮುದ್ದೆ ಹಾಕು," ಎಂದ.

ಗುರುಗಳು ಕತೆ ನಿಲ್ಲಿಸಿದರು. ನಿರ್ವಾಣಯ್ಯನ ಮುಷ್ಟಿ ಇನ್ನೂ ನೀರಿನ ಕಡೆಗೇ ಇತ್ತು.

"ಹಾಗಾದರೆ ನನ್ನ ಹಟ ಬಿಟ್ಟುಬಿಡಲೇ ಬುದ್ಧೀ?" ಎಂದು ಅವನು ಸಿಟ್ಟಿನಿಂದಲೇ ಕೇಳಿದ.

"ಎಸೆಯಲು ಒಂದು ಗಳಿಗೆಯ ಹಟ ಸಾಕು, ಗಾರೆಯವನ ಹತ್ತಿರ ಏಳು ತಿಂಗಳಿನದು ಇತ್ತು, ನಿನ್ನ ಹತ್ತಿರ ಎಷ್ಟಿದೆ?"

ನಿರ್ವಾಣಯ್ಯ ಮಾತ್ರೆಗಳನ್ನು ಉತ್ತರೀಯದ ತುದಿಗೆ ಗಂಟು ಹಾಕಿಕೊಂಡು, ವೈದ್ಯರ ಬಳಿಗೆ ಹೋಗಲು ಮೆಟ್ಟಿಲು ಹತ್ತಿದ.