ಎರಡು ಸ್ಪೀಕರ್‌ಗಳ ನಡುವೆ

ಮಲಪ್ರಭೆಯ ದಂಡೆಯಲ್ಲಿ ವತ್ಸಲಾಬಾಯಿಯವರ ಮನೆ. ಮನೆಯೇ ಗುರುಕುಲ. ಹಾಡು ಕಲಿಯಲು ಬಂದವರೆಲ್ಲ ಅವರನ್ನು ಅಕ್ಕಾವ್ರು ಎಂದು ಕರೆಯುತ್ತಿದ್ದರು.

ಒಂದು ಚಳಿಗಾಲದಲ್ಲಿ ಅಕ್ಕಾವ್ರ ಗಂಟಲು ಕೆಟ್ಟಿತು. ಮಾತು ಉಳಿಯಿತು, ಹಾಡು ಹೋಯಿತು.

ಪ್ರತಿ ವರ್ಷ ಅವರ ಗುರುಗಳ ಪುಣ್ಯತಿಥಿಯಂದು ಆ ಮನೆಯ ಪಡಸಾಲೆಯಲ್ಲಿ ಸಂಗೀತ ಸಭೆ ನಡೆಯುತ್ತಿತ್ತು. ಅಕ್ಕಾವ್ರು ಮುಂದೆ ಕೂತು ಹಾಡುವರು. ಹಿರಿಯ ಶಿಷ್ಯೆ ದಾಕ್ಷಾಯಣಿ ಅವರ ಬೆನ್ನ ಹಿಂದೆ ತಂಬೂರಿ ಮೀಟುತ್ತ, ಬೇಕಾದಲ್ಲಿ ದನಿಗೂಡಿಸುವಳು. ಶಿಷ್ಯರು ಗುರುವಿನ ಹಿಂದೆ ಕೂಡುವುದು ಆ ಪರಂಪರೆಯ ಕ್ರಮ.

"ಈ ಸಲ ನೀ ಮುಂದ ಕುಂದ್ರು," ಎಂದರು ಅಕ್ಕಾವ್ರು.

"ನಾ ಹಿಂದ ಕುಂದ್ರಾಕಿ ರೀ."

"ಹಂಗಾದ್ರ ಮುಂದ ಯಾರು ಹಾಡ್ತಾರ?"

"ನೀವ ಹಾಡ್ರಿ. ನಿಮ್ಮ ರೆಕಾರ್ಡಿಂಗ್ ಅದಾವಲ್ಲ. ಚಲೋ ಸ್ಪೀಕರ್ ತರಿಸೋಣ. ಬಂದ ಮಂದಿ ನಿಮ್ಮನ್ನ ಕೇಳ್ಕೊಂಡು ಹೋಗ್ಲಿ. ಪಾಠಾನೂ ಅದರಿಂದ ನಡೀಲಿ."

"ಅಂದ್ರ ಇನ್ನ ಈ ಮನ್ಯಾಗ ಯಾರೂ ಹಾಡೂದಿಲ್ಲ."

ದಾಕ್ಷಾಯಣಿ ತಲೆ ತಗ್ಗಿಸಿದಳು.

ಅಕ್ಕಾವ್ರು ಕೇಳಿದರು: "ಎಂಥಾ ಸ್ಪೀಕರ್ ತರಿಸ್ತಿ?"

ಅದನ್ನು ಅವಳು ಆಗಲೇ ವಿಚಾರಿಸಿ ಇಟ್ಟುಕೊಂಡಿದ್ದಳು. "ಎರಡು ನಮೂನಿ ಅದಾವ್ರಿ. ಸ್ಟೀರಿಯೊ ಅಂದ್ರ ಎದುರಿಗೆ ಎರಡ ಸ್ಪೀಕರ್, ಎಡಕ್ಕೊಂದು ಬಲಕ್ಕೊಂದು. ಸರೌಂಡ್ ಅಂದ್ರ ಸುತ್ತಲೂ ಇಡೋದು. ಮುಂದ ಮೂರು, ಬೆನ್ನ ಹಿಂದ ಎರಡು, ದಪ್ಪ ನಾದಕ್ಕ ಮೂಲ್ಯಾಗ ಇನ್ನೊಂದು. ನಟ್ಟನಡುವ ಕುಂತು ಕೇಳೋದು."

ತಬಲಾದ ಶರಣಯ್ಯ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವನು ಅಕ್ಕಾವ್ರಿಗಿಂತ ಎರಡೇ ವರ್ಷ ಚಿಕ್ಕವನು; ಅವರನ್ನು ಬಾಯಾರು ಎನ್ನುತ್ತಿದ್ದ.

"ಬೆನ್ನ ಹಿಂದಿನದು ಯಾಕವಾ? ನಿದ್ದಿ ಹತ್ತಿದವರನ್ನ ಎಬ್ಬಿಸಾಕೇನು?"

"ಕಾಕಾ, ನಿಮ್ಮ ಹಿಂದೊಂದು ಇಡಸ್ತೀನಿ ತಡೀರಿ."

"ಎರಡೂ ತರಿಸು," ಎಂದರು ಅಕ್ಕಾವ್ರು. "ಕೇಳಿ ನೋಡಿ ಒಂದನ್ನ ಇಟ್ಕೊಳ್ಳೋಣ."

ಅಂಗಡಿಯವರು ಒಪ್ಪಿ, ಎದುರಿನ ಎಡಬಲದ ಎರಡರಿಂದಲೇ ಸ್ಟೀರಿಯೊ ಕೇಳಬಹುದೆಂದು ಒಂದೇ ಸೆಟ್ ಕಳಿಸಿದರು. ದಾಕ್ಷಾಯಣಿ ಮೊದಲು ಸರೌಂಡ್ ಜೋಡಿಸಿದಳು. ವೈರುಗಳನ್ನು ಚಾಪೆಯ ಕೆಳಗೆ ಮರೆಮಾಡಿದಳು. ನಡುವೆ ಅಕ್ಕಾವ್ರಿಗೆ ಜಮಖಾನ ಹಾಸಿದಳು. ಹಿಂದೊಮ್ಮೆ ಪುಣ್ಯತಿಥಿಯ ಸಭೆಯಲ್ಲಿ ಅಕ್ಕಾವ್ರು ಹಾಡಿದ ಭೂಪ ರಾಗವನ್ನು ಹಚ್ಚಿದಳು.

ಪಡಸಾಲೆ ತುಂಬಿತು. ತಂಬೂರಿ ನಾಲ್ಕೂ ಗೋಡೆಗಳಿಂದ ಮಿಡಿಯಿತು. ದನಿ ಮೇಲೇರುತ್ತ ಹೋಗಿ ಮೇಲಿನ ಸಾ, ಅಂದರೆ ತಾರ ಷಡ್ಜದಲ್ಲಿ ನಿಂತಿತು. ಬಹಳ ಹೊತ್ತು ನಿಂತಿತು.

ದಾಕ್ಷಾಯಣಿಯ ಮುಖ ಅರಳಿತ್ತು.

ಅಕ್ಕಾವ್ರು ಎದ್ದರು. ತಿರುಗಿ, ಹಿಂದಿನ ಗೋಡೆಯ ಕಡೆ ಮುಖ ಮಾಡಿ ಕೂತರು.

"ಅಕ್ಕಾವ್ರ, ನೀವು ಈ ಕಡೆ ಹಾಡಾಕತ್ತೀರಿ."

"ಈ ಕಡೆ ಯಾರು ಹಾಡಾಕತ್ತಾರ ಅಂತ ನೋಡಾಕತ್ತೀನಿ."

"ಅಲ್ಲಿ ಯಾರೂ ಇಲ್ರಿ. ರೆಕಾರ್ಡಿಂಗ್ ಮಾಡಿದ್ದು ಎರಡ ಮೈಕಿನಿಂದ. ಹಿಂದಿಂದು ಯಂತ್ರ ತಾನ ಹುಟ್ಟಸ್ತೈತಿ."

"ಆ ಮ್ಯಾಲಿನ ಷಡ್ಜ ಎಲ್ಲಿಂದ ಬಂತು?"

"ಎಲ್ಲಾ ಕಡಿಂದ ಬಂತ್ರಿ," ಎಂದಳು ದಾಕ್ಷಾಯಣಿ ಹೆಮ್ಮೆಯಿಂದ. "ಅದಕ್ಕ ನನಗ ಇದ ಚಲೋ ಅನಿಸಿದ್ದು. ನಾ ನಿಮ್ಮನ್ನ ಕೇಳಿದ್ದ ಹಿಂಗ. ಈ ಮಗ್ಗಲಿಗೆ ಕಾಕಾನ ತಬಲಾ, ಆ ಮಗ್ಗಲಿಗೆ ಹಾರ್ಮೋನಿಯಂ, ಕಿವಿ ಹಂತೇಕ ತಂಬೂರಿ. ನಿಮ್ಮ ದನಿ ಮಂದಿ ಕಡೆ ಹೋಗಿ, ಗ್ವಾಡಿಗೆ ಬಡದು, ತಿರುಗಿ ನನ್ನ ಕಡೆ ಬರ್ತಿತ್ತು."

"ಒಮ್ಮೆನೂ ಎದುರಿಗೆ ಕುಂತು ಕೇಳಿಲ್ಲೇನು?"

"ಯಾವಾಗ ಕೇಳ್ಲಿ? ಬಂದ ವಾರದಾಗ ತಂಬೂರಿ ಕೈಗೆ ಕೊಟ್ರಿ."

ಶರಣಯ್ಯ ನಕ್ಕ. "ತಪ್ಪು ನಿಮ್ಮದ ನೋಡ್ರಿ ಬಾಯಾರ."

ಅಕ್ಕಾವ್ರು ನಗಲಿಲ್ಲ. "ಸುತ್ತಲಿನವು ತಗೀರಿ. ಎದುರಿನ ಎಡಬಲದ ಎರಡ ಇರ್ಲಿ."

ಉಳಿದ ಸ್ಪೀಕರ್‌ಗಳು ಅಡಿಗೆಮನೆಯ ಬಾಗಿಲ ಬಳಿ ಹೋಗಿ ಕೂತವು. ಯಂತ್ರವನ್ನು ಸ್ಟೀರಿಯೊಗೆ ತಿರುಗಿಸಿದ್ದಾಯಿತು. ಎರಡು ಸ್ಪೀಕರ್‌ಗಳ ನಡುವೆ ಎಷ್ಟು ದೂರವೋ ಕೇಳುವವರೂ ಅವುಗಳಿಂದ ಅಷ್ಟೇ ದೂರ ಕೂಡಬೇಕು ಎಂದು ಅಂಗಡಿಯವರು ಹೇಳಿ ಕಳಿಸಿದ್ದರು. ಶರಣಯ್ಯ ಹೆಗಲ ಮೇಲಿನ ವಲ್ಲಿ ಬಿಚ್ಚಿ ಅಳೆದ.

"ಈಗ ನೀ ಕುಂದ್ರು," ಎಂದರು ಅಕ್ಕಾವ್ರು.

"ನಾನಾ? ಜಮಖಾನದ ಮ್ಯಾಲ?"

"ನನ್ನ ಮುಂದ ಕುಂದ್ರಾಕ ಅಂಜ್ತಿ, ಜಮಖಾನಕ್ಕೂ ಅಂಜ್ತಿಯೇನು?"

ದಾಕ್ಷಾಯಣಿ ಅಂಚಿನಲ್ಲಿ ಕೂತಳು. ಅಕ್ಕಾವ್ರು ಅವಳ ಭುಜ ಹಿಡಿದು ನಡುವಿಗೆ ಸರಿಸಿದರು. ಅದೇ ಭೂಪ ಮತ್ತೆ ಶುರುವಾಯಿತು.

ಈಗ ಪಡಸಾಲೆ ತುಂಬಲಿಲ್ಲ. ಎದುರಿಗೆ ಒಂದು ಜಾಗ ತೆರೆಯಿತು. ಎರಡು ಸ್ಪೀಕರ್‌ಗಳ ನಡುವೆ, ಏನೂ ಇಲ್ಲದ ಕಡೆ, ಅಕ್ಕಾವ್ರು ಬಂದು ಕೂತಂತಾಯಿತು. ಅವರ ಒಂದು ಬದಿಗೆ ತಬಲಾ. ಇನ್ನೊಂದು ಬದಿಗೆ ಹಾರ್ಮೋನಿಯಂ. ಹಿಂದೆ, ತುಸು ಎಡಕ್ಕೆ, ತಂಬೂರಿ. ಯಾರು ಎಲ್ಲಿ ಕೂತಿದ್ದರೆಂದು ಬೆರಳಿಟ್ಟು ತೋರಿಸಬಹುದಿತ್ತು.

ದನಿ ಮೇಲೇರಿತು. ತಾರ ಷಡ್ಜ ಬಂತು.

ದಾಕ್ಷಾಯಣಿ ಕೈಸನ್ನೆ ಮಾಡಿ ನಿಲ್ಲಿಸಲು ಹೇಳಿದಳು. ಅವಳ ಕಣ್ಣು ತುಂಬಿತ್ತು.

"ಇದಕ್ಕ ರೀ ನಾ ಮುಂದ ಕುಂದ್ರಂಗಿಲ್ಲ ಅಂದದ್ದು. ಇಂಥಾ ಷಡ್ಜ ಕೇಳಿದ ಮಂದಿ ಕೂಡ್ತಾರಲ್ಲ ಅಲ್ಲಿ. ನಾ ಹಾಡಿದ್ರ ಅವರು ಎದ್ದು ಹೋಗ್ತಾರ."

"ಮತ್ತೊಮ್ಮೆ ಹಚ್ಚು ಶರಣಯ್ಯ," ಎಂದರು ಅಕ್ಕಾವ್ರು. "ದಾಕ್ಷಿ, ಕಣ್ಣು ಮುಚ್ಚು. ನಾ ಎಲ್ಲಿ ಹಾಡಾಕತ್ತೀನೋ ಆ ಕಡೆ ಕೈ ಮಾಡು."

ಅವಳು ಕೈ ನೇರ ಚಾಚಿದಳು, ಎರಡು ಸ್ಪೀಕರ್‌ಗಳ ನಟ್ಟನಡುವಿಗೆ. ದನಿ ಏರಿತು. ಕೈ ಅಲ್ಲೇ ಇತ್ತು. ದನಿ ಇನ್ನೂ ಏರಿತು. ಷಡ್ಜ ಬಂತು.

ಅವಳ ಕೈ ಎಡಕ್ಕೆ ಸರಿಯಿತು.

ಅವಳು ಕಣ್ಣು ತೆರೆದು ತನ್ನ ಕೈಯನ್ನೇ ನೋಡಿದಳು. "ಇನ್ನೊಮ್ಮೆ ಹಚ್ರಿ ಕಾಕಾ."

ಇನ್ನೊಮ್ಮೆ ಹಚ್ಚಿದರು. ಮತ್ತೆ ಅಷ್ಟೇ ಎಡಕ್ಕೆ, ತುಸು ಹಿಂದಕ್ಕೆ.

"ಅಲ್ಲಿ ಯಾರು ಕುಂತಿದ್ರು?" ಎಂದು ಕೇಳಿದರು ಅಕ್ಕಾವ್ರು.

ಅವಳು ಚಾಚಿದ ಕೈಯನ್ನು ಮೆಲ್ಲಗೆ ಇಳಿಸಿದಳು.

"ನಾನಂತೂ ಅಲ್ಲ," ಎಂದ ಶರಣಯ್ಯ. "ನನಗ ಷಡ್ಜ ಬಂದಿದ್ರ ತಬಲಾ ಯಾಕ ಬಾರಸ್ತಿದ್ದೆ?"

"ನಾನು ಹಾಡಿದ್ದೆ ಖರೆ," ಎಂದಳು ದಾಕ್ಷಾಯಣಿ ಮೆಲ್ಲಗೆ. "ಆದ್ರ ನಿಮ್ಮ ಜೋಡಿ ಹಾಡಿದ್ದೆ. ನೀವು ಹಾಡ್ತಿದ್ರಿ, ನಾ ಹಿಂದಿಂದ ಆಸರ ಕೊಡ್ತಿದ್ದೆ."

"ಆ ಷಡ್ಜದಾಗ ನಾ ಹಾಡೇ ಇಲ್ಲ. ಉಸಿರು ಸಿಗಲಿಲ್ಲ, ಬಾಯಿ ಮುಚ್ಚಿದೆ. ನೀ ಹಿಡಿದಿ. ಮಂದಿ ನನಗ ಚಪ್ಪಾಳಿ ಹೊಡದ್ರು."

"ಅವತ್ತ ಯಾಕ ಹೇಳಲಿಲ್ರಿ?"

"ಹೇಳಿದ್ರ, ಗುರು ಪ್ರೀತಿಗೆ ಹಂಗ ಅಂತಾರ ಅಂತಿದ್ದಿ. ಇವತ್ತ ಯಾರೂ ಹೇಳಲಿಲ್ಲ. ನಿನ್ನ ಕೈನ ಹೇಳಿತು."

ಶರಣಯ್ಯ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. "ನನಗ ಅವತ್ತ ಗೊತ್ತಾಗಿತ್ತು. ಬಾಯಾರು 'ನಾ ಸಾಯೂತನಕ ಹೇಳಬ್ಯಾಡ' ಅಂದಿದ್ರು. ಅವರೂ ಸಾಯಲಿಲ್ಲ, ನನಗೂ ತಡ್ಕೊಳ್ಳೋದು ತಪ್ಪಲಿಲ್ಲ."

ದಾಕ್ಷಾಯಣಿ ನಗುತ್ತ ಕಣ್ಣೊರೆಸಿಕೊಂಡಳು. ಬಾಗಿಲ ಬಳಿ ಇಟ್ಟಿದ್ದ ಸ್ಪೀಕರ್‌ಗಳ ಕಡೆ ನೋಡಿದಳು. "ಅವನ್ನ ತಿರುಗಿ ಕಳಸ್ತೀನ್ರಿ. ಪಾಠಕ್ಕ ಎರಡ ಸಾಕು. ಯಾರು ಎಲ್ಲಿ ಕುಂತು ಹಾಡ್ಯಾರ ಅಂತ ಹುಡುಗ್ರಿಗೂ ಗೊತ್ತಾಗಬೇಕು."

"ಪುಣ್ಯತಿಥಿಗೆ?" ಎಂದು ಕೇಳಿದರು ಅಕ್ಕಾವ್ರು.

"ಪುಣ್ಯತಿಥಿಗೆ ಯಾವುದೂ ಬ್ಯಾಡ್ರಿ." ಅವಳು ಜಮಖಾನದ ಮೇಲೆ ನೆಟ್ಟಗೆ ಕೂತಿದ್ದಳು. "ನಾ ಮುಂದ ಕುಂದ್ರತೀನಿ. ಆದ್ರ ಒಂದ ಮಾತು. ನೀವು ತಂಬೂರಿ ಹಿಡಿದು ನನ್ನ ಹಿಂದ ಕುಂದ್ರಬೇಕು. ನೀವು ಬೆನ್ನಿಗಿದ್ರ ನನಗ ಧೈರ್ಯ."

"ಅದಾಗೂದಿಲ್ಲ," ಎಂದರು ಅಕ್ಕಾವ್ರು. "ನಾ ಮಂದಿಯೊಳಗ ಕುಂದ್ರತೀನಿ. ಹೊಸಬರು ಯಾರರ ನನ್ನ ಮಗ್ಗಲಿಗೆ ಇರ್ತಾರ. ಇಕಿ ಯಾರ ಶಿಷ್ಯೆ ಅಂತ ಕೇಳ್ತಾರ. ಹೇಳಾಕ ನಾ ಅಲ್ಲಿರಬೇಕು."