ಕರಿಕೋಳಿಯ ಹಣೆಗೆ ನಾಮ ಬಿದ್ದದ್ದು

ಲೋಕ ಆಗಷ್ಟೇ ಮಾಡಿಟ್ಟ ಹಸಿ ಮಡಕೆ ಹಂಗಿತ್ತು. ಬೆಟ್ಟಕ್ಕೆ ಒರಗಿ ನಿಂತ್ರೆ ಬೆನ್ನಿನ ಅಚ್ಚು ಬೀಳೋದು. ಆಗ ಹೊಳೆಗೂ ಬಾಯಿತ್ತು, ಗಾಳಿಗೂ ಬಾಯಿತ್ತು, ಕಪ್ಪೆಗಂತೂ ಎರಡೆರಡು ಬಾಯಿತ್ತು. ಸುಳ್ಳು ಅನ್ನೋರು ಕಪ್ಪೆ ಬಾಯಿ ಅಗಲ ನೋಡ್ಕೊಂಡು ಬನ್ನಿ. ಎರಡನ್ನೂ ಸೇರಿಸಿ ಹೊಲಿದದ್ದು ಅದು.

ಆ ಕಾಲದಲ್ಲಿ ಹೊಳೆ ಪಕ್ಕ ಜೌಗಜ್ಜಿ ಅಂತ ಒಬ್ಬಳಿದ್ಲು. ಜೌಗು ಅಂದ್ರೆ ಗೊತ್ತಲ್ಲ? ಕಾಲಿಟ್ರೆ ಪಚಕ್ ಅನ್ನೋ ನೆಲ, ಮೊಣಕಾಲುದ್ದ ನೀರು, ಆಳುದ್ದ ಜೊಂಡು. ಆ ಜೊಂಡಿನ ನಡುವೆ, ನೀರಿನ ಮೇಲೇ ಗೂಡು ಕಟ್ಕೊಂಡು ಕರಿಕೋಳಿ ಬಾಳ್ತಿದ್ಲು. ಮೈಯೆಲ್ಲಾ ಕಪ್ಪು. ಕೊಕ್ಕೂ ಕಪ್ಪು, ಹಣೇನೂ ಕಪ್ಪು, ಕಣ್ಣೂ ಕಪ್ಪು. ಕತ್ತಲಾದ್ರೆ ಅವಳು ಎಲ್ಲಿದ್ದಾಳೆ ಅಂತ ಅವಳಿಗೇ ಗೊತ್ತಾಗ್ತಿರ್ಲಿಲ್ಲ.

ಊರಿನೋರು ಹೊಳೆಗೆ ಅಡ್ಡ ಏರಿ ಹಾಕಿ ದೊಡ್ಡ ಕೆರೆ ಕಟ್ಟಿದ್ರು. ಕಟ್ಲಿ ಬಿಡಿ, ಬಾಯಾರಿಕೆ ಎಲ್ಲರಿಗೂ ಒಂದೇ. ಆದ್ರೆ ನೀರು ಬಿಡೋಕೆ ಏರಿಗೆ ಒಂದೇ ಒಂದು ತೂಬು ಇಟ್ರು. ಅದೂ ಊರ ಕಡೆಗೆ! ಜೌಗಜ್ಜಿ ಕಡೆಗೆ ಇರುವೆ ನುಸುಳೋವಷ್ಟು ಸಂದೂ ಬಿಡ್ಲಿಲ್ಲ. ನೀವೇ ಹೇಳಿ, ನ್ಯಾಯಾನಾ ಇದು?

ಜೌಗಜ್ಜಿ ಒಣಗ್ತಾ ಬಂದ್ಲು. ಕರಿಕೋಳಿ ಗೂಡಲ್ಲಿ ಮೊಟ್ಟೆ ಇದ್ದ ಕಾಲ ಅದು. ಸುತ್ತ ನೀರಿದ್ದಾಗ ದಡದಲ್ಲೇ ಕೂತು ಜೊಲ್ಲು ಸುರಿಸ್ತಿದ್ದ ನರಿ, ಈಗ ಒಂದು ಹೆಜ್ಜೆ ಒಳಗೆ ಬಂತು.

"ಗಾಬರಿ ಆಗಬೇಡ ಕಣಕ್ಕಾ," ಅಂತು. "ನಂಗೇನೂ ಅವಸರ ಇಲ್ಲ. ನಿಧಾನಕ್ಕೇ ಒಣಗ್ಲಿ."

ಕರಿಕೋಳಿ ಗಂಡನ್ನ ಮೊಟ್ಟೆ ಮೇಲೆ ಕೂರಿಸಿ ಕೆರೆ ಹತ್ರ ಓಡಿದ್ಲು. "ಕೆರೆಯವ್ವಾ, ನೀರು ಕೊಡು! ನನ್ನ ಮೊಟ್ಟೆ ನರಿ ಪಾಲಾಗ್ತವೆ."

"ನಾನೇನ್ ಮಾಡ್ಲವ್ವಾ?" ಅಂದ್ಲು ಕೆರೆ. "ಇರೋ ಬಾಯೇ ಒಂದು. ಅದನ್ನೂ ಊರ ಕಡೆ ತಿರುಗಿಸವ್ರೆ. ಹೋಗಿ ಯಜಮಾನ್ರನ್ನ ಕೇಳು."

ಊರ ಯಜಮಾನ ವರದಯ್ಯ ಜಗಲಿ ಮೇಲೆ ಕೂತು, ಬಿಳಿ ಮಣ್ಣು ಕಲಸಿ ಹಣೆಗೆ ನಾಮ ಇಟ್ಕೋತಿದ್ದ. ಮುಂದೆ ಬೀದಿ ತುಂಬಾ ನೀರೋ ನೀರು. ಎಮ್ಮೆಗೊಂದು ಸ್ನಾನ, ಎಮ್ಮೆ ಕಟ್ಟೋ ಗೂಟಕ್ಕೊಂದು ಸ್ನಾನ, ಗೂಟದ ನೆರಳಿಗೂ ಒಂದು ಸ್ನಾನ!

"ಸ್ವಾಮೀ, ಜೌಗಜ್ಜಿಗೆ ಒಂಚೂರು ನೀರು ಬಿಡಿ," ಅಂದ್ಲು ಕರಿಕೋಳಿ.

"ಅಷ್ಟೇನಾ? ಬಿಡೋಣಂತೆ ಹೋಗಮ್ಮ."

"ಹೋದಮೇಲೆ ನೀವು ಮರೆತ್ರೆ? ಏನಾದ್ರೂ ಗುರುತು ಕೊಡಿ."

ವರದಯ್ಯ ಬಟ್ಟಲಲ್ಲಿ ಉಳಿದಿದ್ದ ಮಣ್ಣನ್ನ ಬೆರಳಲ್ಲಿ ಬಳಿದು, ಅವಳ ಹಣೆಯಿಂದ ಕೊಕ್ಕಿನ ತುದೀವರೆಗೂ ಒಂದೇ ಎಳೆ ಎಳೆದ. "ತಗೋ, ಇದೇ ಗುರುತು."

ದೇವರ ಗುರುತೇ ಸಿಕ್ಕಿತಲ್ಲಾ! ಕರಿಕೋಳಿ ಕತ್ತು ಅಲ್ಲಾಡಿಸದೆ, ತಲೆ ಮೇಲೆ ತುಂಬಿದ ಕೊಡ ಹೊತ್ತೋರ ಹಂಗೆ ನಡ್ಕೊಂಡು ಬಂದ್ಲು.

"ಏನೇ ಇದು ಹಣೇಲಿ?" ಅಂದ ಗಂಡ.

"ಯಜಮಾನ್ರು ಕೊಟ್ಟ ಮಾತು ಕಣ್ರೀ. ಮುಟ್ಟಬೇಡಿ, ಇನ್ನೂ ಹಸಿ."

ಕಾದ್ಲು. ನಾಮ ಒಣಗ್ತು, ನೀರು ಬರ್ಲಿಲ್ಲ. ಮತ್ತೂ ಕಾದ್ಲು. ಜೌಗಜ್ಜಿ ಮೈಯೆಲ್ಲಾ ಬಿರುಕು ಬಿಡ್ತು, ನೀರು ಬರ್ಲಿಲ್ಲ. ನರಿ ಗೂಡಿನ ಹತ್ರಕ್ಕೇ ಬಂದು, ಅವಳ ಮುಖ ನೋಡಿ, ಹೊಟ್ಟೆ ಹಿಡ್ಕೊಂಡು ನಕ್ಕಿತು.

"ಅಯ್ಯೋ ಪೆದ್ದಕ್ಕಾ! ನಿಂಗೆ ನಾಮ ಹಾಕವ್ರೆ ಕಣೇ!"

ಅಲ್ಲೀವರ್ಗೂ ನಾಮ ಅಂದ್ರೆ ದೇವರ ಗುರುತು, ಅಷ್ಟೇ. ಮೋಸಕ್ಕೆ 'ನಾಮ ಹಾಕೋದು' ಅನ್ನೋ ಮಾತು ಹುಟ್ಟಿದ್ದೇ ಆವತ್ತು, ಆ ನರಿ ಬಾಯಲ್ಲಿ.

ಕರಿಕೋಳಿಗೆ ಸಿಟ್ಟು ಬಂತು ನೋಡಿ! ಕಪ್ಪಿದ್ದ ಕಣ್ಣು ಕೆಂಡದ ಹಂಗೆ ಕೆಂಪಾದ್ವು. ನರಿ ಮೂಗಿಗೆ ಪಟ್ ಅಂತ ಒಂದು ಕುಕ್ಕಿ, ಬಿರುಕು ನೆಲದ ಮೇಲೆ ಓಡಿದ್ಲು. ಕೆರೆ ಅಡ್ಡ ಬಂದ್ರೆ ಅವಳು ಈಜ್ಲಿಲ್ಲ, ಹಾರ್ಲಿಲ್ಲ. ನೀರಿನ ಮೇಲೇ ಪಟಪಟ ಪಟಪಟ ಓಡಿದ್ಲು! ಸಿಟ್ಟು ಬಂದೋರಿಗೆ ಮುಳುಗೋಕೆ ಪುರುಸೊತ್ತೆಲ್ಲಿ?

ಊರಲ್ಲಿ ನೋಡಿದ್ರೆ ಬಾವಿ ಕಟ್ಟೆ ಮೇಲೆ ಜಗಳ. ವರದಯ್ಯನ ಹೆಂಡತಿ ಸೀಬಮ್ಮ ಕೊಡ ಇಳಿಸಿದ್ಲು, ಠಣ್! ಬಾವಿ ಒಣಗಿತ್ತು. ಪಕ್ಕದ ಬಾವೀನೂ ಠಣ್! ಕೆರೆ ನೀರೂ ತಳ ಹಿಡಿದು, ತೂಬಲ್ಲಿ ಬರ್ತಿದ್ದದ್ದು ಬರೀ ಬಗ್ಗಡ.

"ಕೊಡ್! ಕೊಡ್!" ಅಂತ ಕಿರುಚ್ತಾ ಬಂದ್ಲು ಕರಿಕೋಳಿ. "ಯಜಮಾನಾ, ಬಾ ಈಚೆ! ಕೊಟ್ಟ ಮಾತು ಕೊಡ್!"

"ಇದೇನ್ರೀ ಈ ಕೋಳಿ ಹಣೇಲಿ ನಿಮ್ಮ ನಾಮ?" ಅಂದ್ಲು ಸೀಬಮ್ಮ.

ವರದಯ್ಯ ಕೆಮ್ಮಿದ. ಅಷ್ಟರಲ್ಲಿ ಕೆರೆಯವ್ವ ಏರಿ ಆಚೆಯಿಂದ ಗದರಿದ್ಲು. "ನಾನು ಹೇಳ್ತೀನಿ ಕೇಳ್ರೋ! ನನ್ನ ನೀರು ನಿಮ್ಮ ಬೀದೀಲಿ ಹರಿದು ಹೋಯ್ತು. ನಿಮ್ಮ ಬಾವಿ ತುಂಬಿಸ್ತಿದ್ದೋಳು ಯಾರು? ಜೌಗಜ್ಜಿ! ಜೊಂಡಲ್ಲಿ ಸೋಸಿ, ನೆಲದೊಳಗೆ ಇಳಿಸಿ, ಸದ್ದಿಲ್ಲದೆ ಕಳಿಸ್ತಿದ್ಲು. ಅವಳ ಬಾಯಿಗೇ ಮಣ್ಣು ಹಾಕಿದ್ರಲ್ಲ! ನನ್ನಲ್ಲಿ ಉಳಿದಿರೋ ಚೂರನ್ನ ಮೊದ್ಲು ಅವಳಿಗೆ ಬಿಡಿ. ಅವಳು ಇಟ್ಕೊಂಡು ತಿನ್ನೋಳಲ್ಲ."

"ಇರೋ ಚೂರು ನೀರನ್ನ ಆ ಕೆಸರಿಗೆ ಸುರಿಯೋದಾ?" ಅಂದ ವರದಯ್ಯ.

"ಬಾಯ್ಮುಚ್ರೀ ಸಾಕು," ಅಂದ್ಲು ಸೀಬಮ್ಮ. "ಕೋಳಿಗೆ ಹಾಕಿದ ನಾಮ ನಮ್ಮ ಬಾವಿಗೇ ಬಿತ್ತಲ್ಲ! ತನ್ನಿ ಗುದ್ದಲಿ."

ಸೀಬಮ್ಮ ಸೆರಗು ಸಿಕ್ಕಿಸಿ ಏರಿ ಮೇಲೆ ನಿಂತ್ಲು. ಅವಳು ಹಾಕಿದ ಒಂದೊಂದು ಏಟಿಗೆ ಆಚೆ ಬೆಟ್ಟ ಬೆಚ್ಚಿ ಕೂತಲ್ಲೇ ಸರೀತಿತ್ತು. ಊರೆಲ್ಲಾ ಕೈ ಹಾಕ್ತು. ಜೌಗಜ್ಜಿ ಕಡೆಗೊಂದು ತೂಬು ಆಯ್ತು.

ಇತ್ತ ನರಿ ಗೂಡಿಗೆ ಕಾಲಿಟ್ಟು, ಗಂಡು ಕೋಳೀನ ಆಚೆ ತಳ್ಳಿ, ಬಾಯಿ ತೆಗೆದಿತ್ತು. ಬಾಯೊಳಗೆ ಮೊಟ್ಟೆ ಬೀಳೋ ಬದಲು ನೀರು ನುಗ್ತು! ಗುಳುಗುಳು ಗುಳುಗುಳು ಅಂತ ಕೆಮ್ಮಿ, ಒದ್ದೆ ಬಾಲ ಎತ್ಕೊಂಡು ಓಡಿದ್ದು ಓಡಿದ್ದೇ. ಗೂಡು ಮೆಲ್ಲಗೆ ಅಲ್ಲಾಡ್ತು, ಎದ್ದು ತೇಲ್ತು. ಮೊಟ್ಟೆ ಅಷ್ಟೂ ಉಳೀತು.

ಜೌಗಜ್ಜಿ ಕುಡಿದ್ಲು, ಜೊಂಡು ಹಸಿರಾಯ್ತು. ಮಳೆ ಬಂದು ಕೆರೆಯವ್ವ ತುಂಬಿದ್ಲು, ಎರಡೂ ಬಾಯಲ್ಲಿ ಹಂಚಿದ್ಲು. ಸೀಬಮ್ಮನ ಕೊಡ ಬಾವೀಲಿ ಠಣ್ ಅನ್ಲಿಲ್ಲ, ಬುಳಕ್ ಅಂತು.

ವರದಯ್ಯ ಒಂದು ಚೊಂಬು ನೀರು ಹಿಡ್ಕೊಂಡು ಬಂದ. "ತಪ್ಪಾಯ್ತು ಕಣಮ್ಮ. ಬಾ, ಆ ನಾಮ ತೊಳೆದುಬಿಡ್ತೀನಿ."

"ಮುಟ್ಟೀರಾ ಜೋಕೆ!" ಅಂದ್ಲು ಕರಿಕೋಳಿ. "ತೊಳೆದ್ರೆ ನಂಗೆ ಮರೆತು ಹೋಗಲ್ಲ, ನಿಮಗೆ ಮರೆತು ಹೋಗುತ್ತೆ. ಇದು ಇಲ್ಲೇ ಇರ್ಲಿ. ನನ್ನ ಮಕ್ಕಳಿಗೂ ಬುದ್ಧಿ ಬಂದ್ಮೇಲೆ ಹಣೆ ಮೇಲೆ ಬರ್ಲಿ. ನೋಡಿದಾಗೆಲ್ಲಾ ನೆನಪು ಮಾಡ್ಕೊಳ್ಳಿ."

ಅದಕ್ಕೇ ಇವತ್ತಿಗೂ ಕೆರೆಗೆ ಹೋದ್ರೆ, ಕಪ್ಪು ಮೈಯ ಆ ನಾಮದ ಕೋಳಿ ಕೆಂಪು ಕಣ್ಣು ಬಿಟ್ಕೊಂಡು, ನೀರಿನ ಮೇಲೆ ಪಟಪಟ ಓಡ್ತಾ, ಹಣೇಲಿರೋ ಬಿಳಿ ನಾಮ ನಮಗೇ ತೋರಿಸಿ "ಕೊಡ್! ಕೊಡ್!" ಅಂತ ಬೈಯೋದು.